ಗಲಗಲಿಯಲ್ಲಿ ಒಂದು ತಾಸು

ಗೆಳೆಯರೊಂದಿಗೆ ಊರು ತಿರುಗಲು ಹೊರಟವರಿಗೆ ನಾನು ಒಂದು ಬುದ್ಧಿಮಾತು ಹೇಳುತ್ತಿದ್ದೆ. ಗಾಡಿ ಹತ್ತುವ ಮೊದಲೇ ಮಾತು ಖುಲ್ಲಾ ಇರಲಿ. ಮುಂದಿನ ಸೀಟಿನಲ್ಲಿ ಯಾರು, ಊಟ ಎಲ್ಲಿ, ಮರಳುವುದು ಯಾವಾಗ, ಎಲ್ಲ ಮೊದಲೇ ಮುಗಿಸಿಕೊಳ್ಳಿ. ದಾರಿಯಲ್ಲಿ ಏನಾದರೂ ಬೇಕೆನಿಸಿದರೆ ಬಾಯಿಬಿಟ್ಟು ಕೇಳಿ. ಕೇಳದವನ ಮನಸ್ಸು ಓದಿಕೊಂಡು ಕೂಡ್ರಲು ಯಾರೂ ಪ್ರವಾಸಕ್ಕೆ ಬಂದಿರುವುದಿಲ್ಲ.

ಈಗ ಈ ಮಾತನ್ನು ಯಾರಿಗೂ ಹೇಳುವುದಿಲ್ಲ. ಕಾರಣ, ಕೇಳಲು ಬಾರದ ಒಬ್ಬ ಮನುಷ್ಯ. ಆತ ತೀರಿಕೊಂಡ ದಿನ ಬನಹಟ್ಟಿಯ ಅವನ ಮನೆಯ ಮುಂದೆ ನೂರಾರು ಮಂದಿ ಸೇರಿದ್ದರು. ಅವರೆಲ್ಲರ ಎದುರಿಗೆ ಅವನ ಮಗಳು ಬಂದು ನನ್ನ ಕಾಲಿಗೆ ಬಿದ್ದಳು.

"ಕಾಕಾ, ನೀವು ಒತ್ತಾಯ ಮಾಡಿ ಕಳಿಸದಿದ್ರ ನಮ್ಮಪ್ಪ ನನ್ನ ಮನಿ ಹೊಸ್ತಿಲಾ ತುಳೀತಿದ್ದಿಲ್ಲರಿ. ನಿಮ್ಮ ಉಪಕಾರ ಸಾಯೂತನಾ ಮರಿಯೂದಿಲ್ಲ."

ನಾನು ಒತ್ತಾಯ ಮಾಡಿರಲಿಲ್ಲ. ಕಳಿಸಿಯೂ ಇರಲಿಲ್ಲ. ಆದರೂ ಆಕೆಯ ತಲೆಯ ಮೇಲೆ ಕೈ ಇಟ್ಟೆ.

ಆತ ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದ. ಬನಹಟ್ಟಿ, ರಬಕವಿಯ ಮನೆಗಳೆಲ್ಲ ಅವನಿಗೆ ಗೊತ್ತು. ಮಗ್ಗದ ಮನೆಗಳಲ್ಲಿ ಮೀಟರು ಎಲ್ಲಿದೆ ಎಂದು ಮನೆಯವರಿಗೇ ಗೊತ್ತಿರುವುದಿಲ್ಲ, ನೂಲಿನ ಗಂಟಿನ ಹಿಂದೆಯೋ ದೇವರ ಮಾಡದ ಪಕ್ಕದಲ್ಲೋ ಇರುತ್ತದೆ. ಹೀಗೆ ದಿನವಿಡೀ ಮಂದಿಯ ಮನೆ ಹೊಕ್ಕು ಬರುವವನು ಹೊಸ್ತಿಲ ಹೊರಗೆ ನಿಂತು ಎರಡು ಸಲ ಕೆಮ್ಮದೆ ಒಳಗೆ ಕಾಲಿಡುತ್ತಿರಲಿಲ್ಲ. ಮಗ್ಗದ ಸದ್ದಿನಲ್ಲಿ ಕೆಮ್ಮು ಯಾರಿಗೆ ಕೇಳಬೇಕು? ಬಿಸಿಲಿನಲ್ಲಿ ನಿಂತೇ ಇರುತ್ತಿದ್ದ. "ನೀರು ಕುಡೀರಿ" ಎಂದರೆ "ಈಗರ ಆತ್ರಿ" ಎನ್ನುವನು. ಎಲ್ಲಿ ಕುಡಿದಿದ್ದನೋ ದೇವರಿಗೇ ಗೊತ್ತು.

ನಾವು ನಾಲ್ವರು ಗೆಳೆಯರು. ನಾನು ಸೀರೆ ವ್ಯಾಪಾರದವನು. ಹೆಗಲ ಮೇಲೆ ಗಂಟು ಹೊತ್ತು ಮಹಾಲಿಂಗಪುರ, ಮುಧೋಳದ ಓಣಿ ಓಣಿ ತಿರುಗಿ, ಹೆಣ್ಣುಮಕ್ಕಳ ಮಾತಿಗೆ ಮಾತು ಕೊಟ್ಟು ಮಾರಿ, ಕೊನೆಗೆ ಅಂಗಡಿ ಹಾಕಿದವನು. ಬಸೂನದೊಂದು ಜೀಪಿತ್ತು. ರಾಜೇಸಾಬನದು ಔಷಧದ ಅಂಗಡಿ, ಬಾಯಿ ಮಾತ್ರ ನಾಟಕದ ಕಂಪನಿಯದು. ನಾಲ್ಕನೆಯವನು ಈತ. ಮಳೆಗಾಲ ಮುಗಿಯುತ್ತಲೇ ಬಸೂನ ಜೀಪಿನಲ್ಲಿ ಎಲ್ಲಿಗಾದರೂ ಹೊರಡುತ್ತಿದ್ದೆವು. ಒಮ್ಮೆ ಪನ್ಹಾಳಗಡ, ಒಮ್ಮೆ ಅಂಬೋಲಿ ಘಟ್ಟ, ಬದಾಮಿಯಂತೂ ಲೆಕ್ಕವಿಲ್ಲದಷ್ಟು ಸಲ. ಎಲ್ಲಿಗೂ ಹೋಗಲು ಆಗದ ವರ್ಷ ಚಿಕ್ಕಪಡಸಲಗಿಯ ಬ್ಯಾರೇಜಿಗೆ ಹೋಗಿ ಈಸಾಡಿ ಬರುತ್ತಿದ್ದೆವು. ನಾವು ಮೂವರೂ ನೀರಿಗೆ ಹಾರಿದರೆ, ಈತ ದಂಡೆಯಲ್ಲಿ ನಮ್ಮ ಅಂಗಿ, ಗಡಿಯಾರ ಮಡಿಲಲ್ಲಿಟ್ಟುಕೊಂಡು ಕೂಡ್ರುವನು. ಅವನಿಗೆ ಈಸು ಬರುತ್ತಿತ್ತು, ನಮಗಿಂತ ಚೆನ್ನಾಗಿಯೇ ಬರುತ್ತಿತ್ತಂತೆ. ಅಂಗಿ ಕಾಯಲು ಒಬ್ಬರು ಬೇಕಲ್ಲ ಎಂದು ತಾನಾಗಿಯೇ ತಿಳಿದುಕೊಂಡಿದ್ದ. ನೀನೂ ಬಾ ಎಂದು ನಾವು ಯಾರೂ ಕರೆದದ್ದು ನೆನಪಿಲ್ಲ.

ಇಷ್ಟು ವರ್ಷದ ದೋಸ್ತಿಯಲ್ಲಿ ಆತ ನನಗೆ ಒಮ್ಮೆಯೂ 'ನೀ' ಎನ್ನಲಿಲ್ಲ. 'ಸಾವಕಾರ್ರ' ಎನ್ನುತ್ತಿದ್ದ. ಬದಾಮಿಯ ಗುಡ್ಡದ ಮೇಲೆ ಮಂಗವೊಂದು ಅವನ ಬುತ್ತಿಯ ಗಂಟಿಗೆ ಕೈ ಹಾಕಿದಾಗ, ಒಂದು ತುದಿ ಅದು ಹಿಡಿದು ಇನ್ನೊಂದು ತುದಿ ಈತ ಹಿಡಿದು, "ಬ್ಯಾಡ್ರಿ, ಬಿಡ್ರಿ, ಖಾರ ಐತ್ರಿ" ಎಂದು ಅಂಗಲಾಚುತ್ತಿದ್ದ. ರಾಜೇಸಾಬ ಬಂಡೆಯ ಮೇಲೆ ಬಿದ್ದು ನಕ್ಕ.

"ಲೇ, ಮಂಗ್ಯಾಗೂ ರೀ ಹಚ್ಚಿ ಮಾತಾಡತೀಯಲ್ಲೋ!"

"ಅದಕ್ಕೂ ಹಸಿವಿ ಇರತೈತಲ್ರಿ," ಎಂದ ಈತ. ಅಷ್ಟರಲ್ಲಿ ಗಂಟು ಹೋಗಿಯಾಗಿತ್ತು.

ನಾನು ಲಾಡ್ಜಿನವನೊಂದಿಗೆ ಚೌಕಾಸಿಗೆ ನಿಂತರೆ ಈತ ಮೆಲ್ಲಗೆ ಹೊರಗೆ ಹೋಗಿ ಗಿಡದ ಮರೆಗೆ ನಿಲ್ಲುತ್ತಿದ್ದ. ಬಯ್ಯಿಸಿಕೊಂಡವನು ಲಾಡ್ಜಿನವನಾದರೂ ಕಿವಿ ಕೆಂಪಾಗುತ್ತಿದ್ದುದು ಇವನದು. ವ್ಯವಹಾರ ಮುಗಿಸಿ ನಾನು ಗೆದ್ದ ಮುಖದಲ್ಲಿ ಬಂದರೆ, "ಆತೇನ್ರಿ? ಅವರಿಗೇನೂ ಬ್ಯಾಸರಾಗಲಿಲ್ಲಲ್ಲ?" ಎಂದು ಕೇಳುವನು. ನನಗೆ ಸಿಟ್ಟು ಬರುತ್ತಿತ್ತು. ಇಂಥವನು ಸಂಸಾರ ಹೇಗೆ ಮಾಡುತ್ತಾನೆ ಎಂದು ಬಸೂನ ಹತ್ತಿರ ಆಡಿಕೊಂಡದ್ದೂ ಇದೆ.

ಪನ್ಹಾಳಗಡಕ್ಕೆ ಹೋದಾಗ ನಡೆದದ್ದನ್ನು ಹೇಳಿದರೆ ಮನುಷ್ಯ ನಿಮಗೆ ಪೂರ್ತಿ ಗೊತ್ತಾಗುತ್ತಾನೆ. ಬೆಳಿಗ್ಗೆ ಬನಹಟ್ಟಿ ಬಿಟ್ಟು ಕೊಲ್ಲಾಪುರ ಹತ್ತಿರ ಬರುವವರೆಗೆ ಗಾಡಿ ನಿಲ್ಲಿಸಲೇ ಇಲ್ಲ. ಈತನಿಗೆ ಮೂತ್ರಕ್ಕೆ ಅವಸರವಾಗಿತ್ತು. ಕೇಳಲಿಲ್ಲ. ಮುಖ ಕಪ್ಪಿಟ್ಟು, ಹಣೆಯಲ್ಲಿ ಬೆವರು ಮೂಡಿದ ಮೇಲೆ ರಾಜೇಸಾಬ ನೋಡಿ, "ಏ ಬಸ್ಯಾ, ನಿಂದರಸಲೇ, ನನಗ ತಡಿಯಾಕ ಆಗವಲ್ದು" ಎಂದು ಕೂಗಿದ. ಗಾಡಿ ನಿಂತದ್ದೇ ತಡ, ಮೊದಲು ಜಿಗಿದು ಓಡಿದವನು ಈತ. ರಾಜೇಸಾಬ ಇಳಿಯಲೇ ಇಲ್ಲ. ಅಂದಿನಿಂದ ರಾಜೇಸಾಬನಿಗೆ ಅದೊಂದು ರೂಢಿಯೇ ಆಯಿತು. ಗಂಟೆಗೊಮ್ಮೆ "ನನಗ ಬಂತು" ಎನ್ನುವನು, "ನನಗ ಚಾ ಬೇಕು" ಎನ್ನುವನು, ಊಟಕ್ಕೆ ಕುಳಿತಾಗ "ಇನ್ನೊಂದು ರೊಟ್ಟಿ ಹಾಕ್ರಿ" ಎಂದು ಹಾಕಿಸಿಕೊಂಡು ಈತನ ತಾಟಿಗೆ ಸರಿಸುವನು. ನನಗೆ ಇದೆಲ್ಲ ಕಾಣುತ್ತಿತ್ತು. ನಾನು ಮಾತ್ರ ಮಾಡಲಿಲ್ಲ. ದುಡಿದು ಮೇಲೆ ಬಂದವನಿಗೆ ಒಂದು ಸೊಕ್ಕು ಇರುತ್ತದೆ. ನಾನು ಕೇಳಿ ಪಡೆದೆ, ನೀನೂ ಕೇಳು ಎಂಬ ಸೊಕ್ಕು.

ಗುಡ್ಡ ಹತ್ತುವುದರಲ್ಲಿ ಆತ ಹಿಂದೆ ಬೀಳುತ್ತಿದ್ದ. ನಾವು ಮುಂದೆ ಹೋಗಿ ನೆರಳಿನಲ್ಲಿ ಕುಳಿತು, ನೀರು ಕುಡಿದು, ಬೀಡಿ ಸೇದಿ, ಅವನಿಗಾಗಿ ಕಾಯುತ್ತಿದ್ದೆವು. ಆತ ತೇಕುತ್ತ ಬಂದು ಮುಟ್ಟಿದ ಕೂಡಲೇ "ಬಂದನಪಾ, ನಡೀರಿ" ಎಂದು ನಾನು ಏಳುತ್ತಿದ್ದೆ. ಎಲ್ಲರಿಗೂ ವಿಶ್ರಾಂತಿ ಸಿಗುತ್ತಿತ್ತು, ಅದು ಬೇಕಾಗಿದ್ದವನಿಗೆ ಒಮ್ಮೆಯೂ ಸಿಗಲಿಲ್ಲ. "ಜರಾ ಕೂಡ್ರೂಣ್ರಿ" ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಈಗ ಮೊಣಕಾಲು ಹಿಡಿದುಕೊಂಡು ಮನೆಯ ಹುಡುಗರ ಹಿಂದೆ ಗುಡ್ಡ ಹತ್ತುವಾಗ ನನಗೆ ಇದು ತಿಳಿಯುತ್ತದೆ. ಆದರೆ ನಾನು ಕೂಗಿ ನಿಲ್ಲಿಸುತ್ತೇನೆ.

ಅವನ ಮಗಳ ಮಾತಿಗೆ ಬರುತ್ತೇನೆ. ಒಬ್ಬಳೇ ಮಗಳು. ಹೆಂಡತಿ ಬೇಗ ಹೋಗಿದ್ದಳು, ಮನೆಯ ಯಜಮಾನಿಕೆ ಅವನ ಅಣ್ಣನದು. ಮಗಳು ಕಾಲೇಜಿಗೆಂದು ಜಮಖಂಡಿಗೆ ಹೋಗಿ ಬರುತ್ತಿದ್ದಾಗ ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹುಡುಗ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ, ಒಳ್ಳೆಯವನೇ. ಅಣ್ಣ ಮಾತ್ರ "ಆಕೀ ಹೆಸರು ಈ ಮನ್ಯಾಗ ಎತ್ತಬ್ಯಾಡ್ರಿ" ಎಂದ. ಈತ ತಲೆ ಬಗ್ಗಿಸಿದ. ಮಗಳು ಎಲ್ಲಿದ್ದಾಳೆ ಎಂದು ನಾವೂ ಕೇಳಲಿಲ್ಲ. ಅವನಿಗೆ ನಾಚಿಕೆಯಾದೀತು ಎಂದುಕೊಂಡು ಸುಮ್ಮನಿದ್ದೆವು. ಹಾಗೆ ಸುಮ್ಮನಿರುವುದು ನಮಗೂ ಹಗುರವಾಗಿತ್ತು.

ಅಣೆಕಟ್ಟಿನ ಹಿನ್ನೀರು ಹೊಸದಾಗಿ ಹರಡಿಕೊಳ್ಳುತ್ತಿದ್ದ ಕಾಲ ಅದು. ಬದಾಮಿ, ಐಹೊಳೆ ಮುಗಿಸಿ ಬೀಳಗಿಯ ದಾರಿಯಿಂದ ಮರಳುತ್ತಿದ್ದೆವು. ಗಲಗಲಿ ಬಂತು. ಬಲಕ್ಕೆ ಕೃಷ್ಣೆ ಮೊದಲಿನ ಎರಡರಷ್ಟು ಅಗಲವಾಗಿ ನಿಂತಿದ್ದಳು. ಮುಂಜಾನೆಯ ಹೊತ್ತು. ಹಿಂದಿನ ಸೀಟಿನಿಂದ ಎರಡು ಸಲ ಕೆಮ್ಮಿದ ಸದ್ದು ಬಂತು.

"ಸಾವಕಾರ್ರ, ಇವತ್ತೊಂದಿನಾ ಇಲ್ಲೇ ಇರೂಣೇನ್ರಿ?"

ಬಸೂ ಆಶ್ಚರ್ಯದಿಂದ ಬ್ರೇಕ್ ಒತ್ತಿದ. ಇಷ್ಟು ವರ್ಷದಲ್ಲಿ ಆತ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಬುದ್ಧಿ ಇದ್ದವನಾಗಿದ್ದರೆ ನಾನು ಅಲ್ಲಿಯೇ ಇಳಿಯಬೇಕಿತ್ತು. ಆದರೆ ನನ್ನ ಕಿವಿ ವ್ಯಾಪಾರದ್ದು. ಯಾರು ಏನೇ ಕೇಳಲಿ, ಅದರಲ್ಲಿ ಇಳಿಸಲು ಎಷ್ಟಿದೆ ಎಂದೇ ಅದಕ್ಕೆ ಕೇಳಿಸುವುದು.

"ಒಂದಿನಾ? ಇಲ್ಲೇನೈತೋ ಮಾರಾಯಾ? ಮನಿ ಇಲ್ಲೇ ಮಗ್ಗಲದಾಗ ಐತಿ."

"ಹಿನ್ನೀರಿಗೆ ಹಕ್ಕಿ ಬಂದಾವಂತ್ರಿ. ಭಾಳ ಛಲೋ ಹಕ್ಕಿ ಅಂತ್ರಿ."

"ಹಕ್ಕಿ ನೋಡಾಕ ಒಂದಿನಾ ಬೇಕೇನು? ನಾಳಿಗೆ ಸೋಲಾಪುರದ ಗಿರಾಕಿ ಬರತಾನ ನನಗ."

"ಸಂಜೀತನಾನರ ಇರೂಣ್ರಿ."

ಕೇಳಿದ್ದನ್ನು ತಾನಾಗಿಯೇ ಇಳಿಸಿದ. ಎದುರಿನವನು ತಾನಾಗಿ ಇಳಿಸಿದರೆ ಇನ್ನೂ ಒತ್ತಬೇಕು ಎನ್ನುವುದು ನನ್ನ ಮೈಗಂಟಿದ ವಿದ್ಯೆ.

"ಅರ್ಧಾ ತಾಸು. ಚಾ ಕುಡಿಯೂಣು, ಹಕ್ಕಿ ನೋಡು, ನಡಿಯೂಣು."

ರಾಜೇಸಾಬನೇ ಮಧ್ಯೆ ಬಾಯಿ ಹಾಕಿದ.

"ಲೇ, ಏನು ಸೀರಿ ಮಾರಾಕತ್ತೀಯೋ? ಕೇಳದಾಂವ ಕೇಳ್ಯಾನ, ಕೊಡಲೇ."

"ಆತು, ಒಂದು ತಾಸು. ಮ್ಯಾಲ ಒಂದು ಮಿನಿಟಿಲ್ಲ ಮತ್ತ."

"ದೊಡ್ಡ ಉಪಕಾರಾತ್ರಿ," ಎಂದ ಆತ. ಖರೆ ಮನಸ್ಸಿನಿಂದ ಎಂದ. ಅದು ಕುಹಕವಾಗಿದ್ದರೆ ನಾನು ಇಂದು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಜೀಪಿನಿಂದ ಇಳಿದು ಆತ ಹೊಳೆಯ ಕಡೆ ಹೋಗಲಿಲ್ಲ, ಊರೊಳಗಿನ ಓಣಿಗೆ ನಡೆದ. "ಹಕ್ಕಿ ಈ ಕಡೆ ಅದಾವೋ!" ಎಂದು ರಾಜೇಸಾಬ ಕೂಗಿದ. ಆತ ತಿರುಗಿ ನಾಚಿಕೊಂಡು ನಕ್ಕು, ಮತ್ತೆ ಅತ್ತಲೇ ಹೋದ. ನಾವು ಹೋಟೆಲ್ಲಿನ ಮುಂದಿನ ಬೆಂಚಿನಲ್ಲಿ ಕುಳಿತು ಮಿರ್ಚಿ ತಿಂದೆವು. ಬಿಳಿಯ ಹಕ್ಕಿಗಳ ಸಾಲು ನಿಜವಾಗಿಯೂ ನೀರಿನಲ್ಲಿ ನಿಂತಿತ್ತು. ಹೊತ್ತು ಹೋಗುತ್ತಿತ್ತು. ನಾನು ಗಡಿಯಾರ ನೋಡಿ, "ಬಸೂ, ಹಾರ್ನ್ ಹೊಡಿ" ಎಂದೆ. "ಬರತಾನ ಬಿಡೋ" ಎಂದ ಬಸೂ. ನಾನೇ ಕೈ ಚಾಚಿ ಒತ್ತಿದೆ. ಬಿಡದೆ ಒತ್ತಿದೆ. ನೀರಿನ ಹಕ್ಕಿಗಳೆಲ್ಲ ಎದ್ದವು.

ಓಣಿಯಿಂದ ಆತ ಓಡುತ್ತ ಬಂದ. ಮುಂಗೈಯವರೆಗೆ ನೀರು ಹತ್ತಿತ್ತು, ಊಟಕ್ಕೆಂದು ಕೈ ತೊಳೆದವನಂತೆ. ಕೈಯಲ್ಲಿ ಅರಿವೆಯ ಗಂಟು, ಅದರೊಳಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ.

"ಯಾರು ಕೊಟ್ರೋ?"

"ಇಲ್ಲೇ ಒಬ್ಬರು ಪರಿಚಯದವರ್ರಿ. ನೀವೆಲ್ಲಾ ತಿನ್ರಿ."

ತಿಂದೆವು. ಮೆತ್ತನೆಯ, ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿ. ನಾನು ಎರಡು ತಿಂದು ಮೂರನೆಯದಕ್ಕೂ ಕೈ ಹಾಕಿದೆ. ರಾಜೇಸಾಬ ಒಂದು ತುತ್ತು ತಿಂದವನು ನಿಲ್ಲಿಸಿ ಈತನ ಮುಖ ನೋಡಿದ. ಆತ ಕಿಟಕಿಯಾಚೆ ನೋಡುತ್ತಿದ್ದ. ರಾಜೇಸಾಬ ಉಳಿದ ರೊಟ್ಟಿಯನ್ನು ಮಡಚಿ ಅವನ ಕೈಯಲ್ಲಿಟ್ಟು, "ಇದು ನಿಂದು" ಎಂದಷ್ಟೇ ಅಂದ. ನನಗೆ ಏನೂ ತಿಳಿಯಲಿಲ್ಲ. ಅಥವಾ ತಿಳಿಯುವ ಉಸಾಬರಿಗೆ ನಾನು ಹೋಗಲಿಲ್ಲ.

ಅದಾದ ಮೇಲೂ ತಿರುಗಾಟಗಳು ನಡೆದವು. ಆತ ಮತ್ತೆ ಏನನ್ನೂ ಕೇಳಲಿಲ್ಲ. ಕೆಲಸದಿಂದ ನಿವೃತ್ತನಾಗಿ, ಸಕ್ಕರೆ ರೋಗ ಹತ್ತಿ, ಕಾಲು ಊದಿ, ಕೊನೆಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಗಲಗಲಿಗೆ ಆತ ಇನ್ನೊಮ್ಮೆ ಹೋಗಿರಲಿಲ್ಲ. ಬಸ್ಸು ಬದಲಿಸುವ ಜಮಖಂಡಿ ನಿಲ್ದಾಣದಲ್ಲಿ ಪರಿಚಯದವರು ಹತ್ತು ಮಂದಿ ಸಿಗುತ್ತಾರೆ, "ಎತ್ತಾಗ ಹೊಂಟ್ರಿ?" ಎನ್ನುತ್ತಾರೆ. ಅದಕ್ಕೆ ಉತ್ತರ ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ದೋಸ್ತರ ಜೀಪಿನಲ್ಲಿ ದಾರಿ ತಪ್ಪಿದವನಂತೆ ಹೋಗುವುದೊಂದೇ ಅವನಿಗಿದ್ದ ದಾರಿ.

ಸಾವಿನ ಮನೆಯಲ್ಲಿ ಮಗಳು ನನ್ನ ಕಾಲಿಗೆ ಬಿದ್ದು ಎದ್ದಾಗ ಉಳಿದದ್ದನ್ನೂ ಹೇಳಿದಳು. ಅಂದು ಗಲಗಲಿಯಲ್ಲಿ ಆತ ಆಕೆಯ ಬಾಗಿಲಲ್ಲಿ ನಿಂತು ಕೆಮ್ಮಿದನಂತೆ. ಆಕೆ ಓಡಿ ಬಂದು ನೋಡಿ ಅಳತೊಡಗಿದರೆ, "ಅಳಬ್ಯಾಡ. ಸಾವಕಾರ್ರು ಕೇಳಲಿಲ್ಲ, ಹೋಗಿ ಮಗಳನ್ನ ನೋಡಿ ಬಾ ಅಂತ ಗಾಡಿ ನಿಂದರಿಸಿಬಿಟ್ರು. ಅವರ ಮಾತು ಮೀರಾಕ ಆಗಲಿಲ್ಲ" ಎಂದನಂತೆ. ಬರಬೇಕೆನಿಸಿ ಬಂದೆ ಎಂದು ಮಗಳ ಎದುರಿಗೂ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ನೀವು ಹೇಳಿದ್ದಕ್ಕ ಬಂದ್ರು ಕಾಕಾ. ತಾವಾಗೇ ಬರತಿದ್ದಿಲ್ಲ ಬಿಡ್ರಿ, ಅವರಿಗೆ ನನ್ನ ಮ್ಯಾಲ ಸಿಟ್ಟಿತ್ತು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಣ್ಣನೂ ಅಲ್ಲಿಯೇ ಇದ್ದ. ಎಲ್ಲ ಕೇಳಿಸಿಕೊಂಡವನು ನನ್ನ ಕೈ ಹಿಡಿದು, "ನಮ್ಮಿಂದ ಆಗದ ಕೆಲಸ ನೀವು ಮಾಡಿದ್ರಿ" ಎಂದು ಕಣ್ಣೀರು ತಂದ. ಮಗಳನ್ನು ಒಳಗೆ ಕರೆದು ಹೆಣದ ತಲೆಯ ಹತ್ತಿರ ಕೂಡ್ರಿಸಿದ. ಮಂದಿ ನನಗೆ ದಾರಿ ಬಿಟ್ಟರು, ಕುರ್ಚಿ ತಂದು ಹಾಕಿದರು. ನಾನು ಕುಳಿತೆ.

ಈಗ ಬಾಯಿಬಿಟ್ಟರೆ ಒಳಗೆ ಹೋದ ಹುಡುಗಿಯನ್ನು ಮತ್ತೆ ಹೊರಗೆ ಕಳಿಸಿಯಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೆಪ ಚೆನ್ನಾಗಿತ್ತು. ಆದರೆ ದಿನ ಕಳೆದವು, ಕಾರ್ಯ ಮುಗಿಯಿತು, ಅಂಗಡಿಗೆ ಬಂದ ಹೆಣ್ಣುಮಕ್ಕಳು, "ನೀವು ಭಾಳ ಪುಣ್ಯೇದ ಕೆಲಸಾ ಮಾಡೀರಂತಲ್ರಿ" ಎನ್ನತೊಡಗಿದರು. ನಾನು "ಅದರಾಗೇನೈತ್ರಿ" ಎಂದು ಸೀರೆ ಬಿಚ್ಚುತ್ತಿದ್ದೆ. ಹೀಗೆ ಅಂದವನಿಗೆ ಇನ್ನೂ ದೊಡ್ಡ ಹೆಸರು ಬರುತ್ತದೆ, ಅದೂ ನನಗೆ ಗೊತ್ತಿತ್ತು.

ರಾಜೇಸಾಬ ಒಂದು ಮಧ್ಯಾಹ್ನ ಅಂಗಡಿಯ ಕಟ್ಟೆಗೆ ಬಂದು ಕುಳಿತ. ಚಾ ತರಿಸಿದೆ. ಆತ ಕಪ್ಪು ಮುಟ್ಟಲಿಲ್ಲ.

"ಅಲ್ಲಲೇ, ನೀ ಕಳಿಸಿದ್ದೇನು ಅವನ್ನ?"

"ಆಕೀ ಹಂಗ ತಿಳಕೊಂಡಾಳ. ನಾ ಏನು ಮಾಡ್ಲಿ?"

"ಹಾರ್ನ್ ಹೊಡದಾಂವ ನೀನು."

"ನನಗೇನು ಗೊತ್ತಿತ್ತು, ಮಗಳ ಮನೀಗೆ ಹೊಂಟಾನಂತ?"

"ಅವತ್ತ ಗೊತ್ತಿದ್ದಿಲ್ಲ, ಬಿಡು. ಇವತ್ತ ಗೊತ್ತೈತಲ್ಲ. ಅಪ್ಪ ಮಂದಿ ದೂಡಿದ್ದಕ್ಕ ಬಂದ ಅಂತ ಆ ಹುಡುಗಿ ಸಾಯೂತನಾ ಅನಕೋಬೇಕೇನು? ಅವ ಜನ್ಮದಾಗ ಕೇಳಿದ್ದು ಅದೊಂದ. ಅದನ್ನೂ ನಿನ್ನ ಹೆಸರಿಗೆ ಹಚಗೊಂಡು ಕುಂತೀಯಲ್ಲೋ."

ರಾಜೇಸಾಬ ಎದ್ದು ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೆ ಕುಳಿತೆ. ಗಿರಾಕಿಗಳು ಕರೆದರೂ ಏಳಲಿಲ್ಲ.

ಮರುದಿನ ಬಸ್ಸು ಹಿಡಿದು ಗಲಗಲಿಗೆ ಹೋದೆ. ಜಮಖಂಡಿಯ ನಿಲ್ದಾಣದಲ್ಲಿ ಪರಿಚಯದವನೊಬ್ಬ ಸಿಕ್ಕು, "ಎತ್ತಾಗ ಸಾವಕಾರ್ರ?" ಎಂದ. "ಸುಮ್ಮ ಇಲ್ಲೇ" ಎಂದೆ. ಹೇಳಲಾಗಲಿಲ್ಲ ನನಗೂ.

ಎರಡು ಖೋಲಿಯ ತಗಡಿನ ಮನೆ. ಮಗಳು ಸಂಭ್ರಮದಿಂದ ಚಾಪೆ ಹಾಸಿ, ಚಾ ಮಾಡಿ ತಂದಳು. ಗಂಡ ಪಂಪ್‌ಹೌಸಿನಲ್ಲಿದ್ದ. ನಾನು ಮಳೆಯ ಮಾತು, ಕಬ್ಬಿನ ಮಾತು ಎಂದು ಸುತ್ತು ಹಾಕಿದೆ. ಆಕೆ ತಾಳ್ಮೆಯಿಂದ ಹೂಂಗುಟ್ಟಿದಳು. ಕೊನೆಗೆ ನೆಲ ನೋಡುತ್ತ ಹೇಳಿದೆ.

"ಯವ್ವಾ, ಅವತ್ತು ನಿಮ್ಮಪ್ಪನ್ನ ನಾ ಕಳಿಸಿದ್ದಲ್ಲವಾ."

"ಇರಲಿ ಬಿಡ್ರಿ ಕಾಕಾ, ಯಾರರ ಹೇಳಿರಬೇಕು. ರಾಜೇಸಾಬ ಕಾಕಾ ಹೇಳಿದ್ರೇನು?"

"ಯಾರೂ ಹೇಳಿಲ್ಲ. ಇಲ್ಲಿ ಮಗಳದಾಳ ಅಂತ ನಮಗ ಯಾರಿಗೂ ಗೊತ್ತಿದ್ದಿಲ್ಲ. ಅವ ತಾನಾಗೇ ಕೇಳಿದ."

ಆಕೆ ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟಳು.

"ಅಪ್ಪಾನ? ಬಾಯಿಬಿಟ್ಟು ಕೇಳಿದ್ರಾ?"

"ಬಾಯಿಬಿಟ್ಟು."

"ಹೆಂಗ ಕೇಳಿದ್ರು? ಅವರು ಅಂದಂಗ ಅನ್ರಿ ಕಾಕಾ."

"'ಸಾವಕಾರ್ರ, ಇವತ್ತೊಂದಿನಾ ಇಲ್ಲೇ ಇರೂಣೇನ್ರಿ' ಅಂದ."

"ಇನ್ನೊಮ್ಮೆ ಅನ್ರಿ."

ಇನ್ನೊಮ್ಮೆ ಅಂದೆ. ಆಕೆಯ ತುಟಿಗಳೂ ನನ್ನೊಂದಿಗೆ ಆಡಿದವು. ಆಮೇಲೆ ಹುಬ್ಬು ಗಂಟಿಕ್ಕಿತು.

"ಒಂದಿನಾ ಅಂದ್ರಾ? ಮತ್ತ ತಾಸಿನಾಗ ಎದ್ದರಲ್ರಿ. ಪಲ್ಯ ಒಲಿ ಮ್ಯಾಲ ಇತ್ತು. ಕೈ ತೊಳಕೊಂಡು ತಾಟಿನ ಮುಂದ ಕುಂತಿದ್ರು. ಹಾರ್ನ್ ಆತು, 'ತಡಾ ಆತವಾ' ಅಂತ ಎದ್ದರು. ನಾ ಅದಕ್ಕ ಅನಕೊಂಡೆ, ಒಲ್ಲದ ಮನಸಿಲೆ ಬಂದಾರ, ಯಾವಾಗ ಎದ್ದೇನೋ ಅಂತ ಹಾದಿ ನೋಡಾಕತ್ತಿದ್ರು ಅಂತ."

ಇಲ್ಲಿ ನನಗೆ ಹತ್ತು ಸುಳ್ಳು ಹೊಳೆದವು. ಬಸೂಗೆ ಅವಸರವಿತ್ತು ಎನ್ನಬಹುದಿತ್ತು. ಗಾಡಿ ಕೆಟ್ಟಿತ್ತು ಎನ್ನಬಹುದಿತ್ತು. ಜೀವನವಿಡೀ ನನ್ನನ್ನು ಸಾಕಿದ ನಾಲಿಗೆ ಇದು, ಇಂಥ ಹೊತ್ತಿನಲ್ಲಿ ಎಂದೂ ಕೈಬಿಟ್ಟಿಲ್ಲ.

"ಅವ ಒಂದಿನಾ ಕೇಳಿದ. ನಾ ಅರ್ಧಾ ತಾಸು ಅಂದೆ. ಸಂಜೀತನಾನರ ಅಂದ, ಆಗಲೂ ಬಿಡಲಿಲ್ಲ. ಕಡೀಕ ತಾಸು ಕೊಟ್ಟೆ. ಆ ಹಾರ್ನ್ ಹೊಡದಾಂವನೂ ನಾನವಾ."

ಆಕೆ ನನ್ನನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಸಂಭಾಳಿಸಿಕೊಳ್ಳುತ್ತಿದ್ದೆ, ಬೈಗುಳ ನನಗೆ ಹೊಸದಲ್ಲ. ಗೋಡೆಯ ಮಾಡದಲ್ಲಿದ್ದ ಮೊಬೈಲು ತೆಗೆದುಕೊಂಡು ಹಿತ್ತಲಿಗೆ ಹೋದಳು.

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಹಿತ್ತಲಿನಿಂದ ಆಕೆಯ ದನಿ ಬರುತ್ತಿತ್ತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಆ ಕಡೆ ಪಂಪಿನ ಸದ್ದಿನಲ್ಲಿ ಗಂಡನಿಗೆ ಕೇಳಿಸುತ್ತಿರಲಿಲ್ಲವೇನೋ.

"ಅಪ್ಪಾನ ತಾವಾಗೇ ಕೇಳಿದ್ರಂತ್ರೀ! ಹೌದ್ರಿ, ನಮ್ಮಪ್ಪ! ಯಾರೂ ಹೇಳಿದ್ದಲ್ಲಂತ! ಏನಂದ್ರಿ? ತಾಸಲ್ರೀ, ಒಂದಿನಾ! ಒಂದಿನಾ ಇರತೀನಿ ಅಂದಿದ್ರಂತ!"

ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಇಡೀ ಓಣಿಗೆ ಕೇಳುತ್ತಿತ್ತು. ಪಕ್ಕದ ಮನೆಯ ಮುದುಕಿ ಮೊರ ಹಿಡಿದುಕೊಂಡೇ ಗೋಡೆಯ ಮೇಲಿಂದ ಇಣುಕಿ ನನ್ನನ್ನು ಕೇಳಿದಳು.

"ಏನಾತೋ ಯಪ್ಪಾ? ಯಾರು ಬಂದಾರಂತ?"

"ಆಕೀ ಅಪ್ಪ ಬಂದಿದ್ದನಬೇ," ಎಂದು ಹೇಳಿ, ಬಸ್ಸಿನ ಕಡೆ ನಡೆದೆ.